ಸಾನ್‌ಫು ದಿನಗಳು: ಬೆವರು ಆರಬೇಕು

ಚೀನಾದಲ್ಲಿ ಓದುತ್ತಿರುವವರು, ದುಡಿಯುತ್ತಿರುವವರು, ಮಕ್ಕಳನ್ನು ನೋಡಲು ಅಲ್ಲಿಗೆ ಹೊರಟವರು ಬರೆದ ಪತ್ರಗಳೇ ಈ ಸಲ ಜಾಸ್ತಿ. ಎಲ್ಲರ ಪ್ರಶ್ನೆಯೂ ಸಾನ್‌ಫು ಬಗ್ಗೆ. ಚೀನೀ ಪಂಚಾಂಗದ ಪ್ರಕಾರ ವರ್ಷದ ಅತಿ ಸೆಕೆಯ ದಿನಗಳು ಇವು. ನಾನು ನಾನ್‌ಜಿಂಗ್‌ನಲ್ಲಿ ವೈದ್ಯಕೀಯ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿದವಳು. ಆ ಸೆಕೆ ಚೆನ್ನಾಗಿ ಗೊತ್ತು. ಅದು ಗಟ್ಟಿಮುಟ್ಟಾದವರನ್ನೂ ಕೆಡವುತ್ತದೆ. ಹಾಗಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನ್‌ಜಿಂಗ್‌ಗೆ ಓದಲು ಬಂದು ಇದು ಮೊದಲ ಬೇಸಿಗೆ. ಹಾಸ್ಟೆಲ್ ಕಾವಲುಗಾರರಿಂದ ಹಿಡಿದು ಪ್ರೊಫೆಸರ್ ತನಕ ಎಲ್ಲರೂ "ಸಾನ್‌ಫು ಹತ್ತಿರ ಬಂತು, ಹುಷಾರು" ಎನ್ನುತ್ತಿದ್ದಾರೆ. ಒಬ್ಬರು 30 ದಿನ ಎಂದರೆ ಇನ್ನೊಬ್ಬರು 40 ದಿನ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ವರ್ಷದ ಮೇಲೆ ಹೋಗುತ್ತದೆ. ಸಾನ್‌ಫು ಎಂದರೆ ಮೂರು ಫು: ಚೂಫು, ಜೋಂಗ್‌ಫು, ಮೋಫು. ಚೀನೀ ಪಂಚಾಂಗದಲ್ಲಿ ದಿನಗಳನ್ನು ಹತ್ತು ಹತ್ತರ ಸುತ್ತಿನಲ್ಲಿ ಎಣಿಸುತ್ತಾರೆ. ಆ ಸುತ್ತಿನ ಏಳನೆಯ ದಿನಕ್ಕೆ ಗೆಂಗ್ ಎಂದು ಹೆಸರು. ಜೂನ್ 21ರ ಸುಮಾರಿಗೆ ಹಗಲು ಅತಿ ಉದ್ದವಾಗಿರುತ್ತದಲ್ಲ, ಅಲ್ಲಿಂದ ಮೂರನೆಯ ಗೆಂಗ್ ದಿನ ಚೂಫು ಶುರು. ನಾಲ್ಕನೆಯ ಗೆಂಗ್ ದಿನ ಜೋಂಗ್‌ಫು. ಆಮೇಲೆ ಆಗಸ್ಟ್ 7 ಅಥವಾ 8ಕ್ಕೆ ಲೀಚಿಯೂ ಬರುತ್ತದೆ, ಅಂದರೆ ಪಂಚಾಂಗದ ಶರತ್ಕಾಲದ ಮೊದಲ ದಿನ. ಅದಾದ ಮೇಲಿನ ಮೊದಲ ಗೆಂಗ್ ದಿನ ಮೋಫು. ಮೊದಲನೆಯದೂ ಕೊನೆಯದೂ ಯಾವಾಗಲೂ ಹತ್ತು ಹತ್ತು ದಿನ. ನಡುವಿನದು ಮಾತ್ರ ಕೆಲವು ವರ್ಷ ಹತ್ತು, ಕೆಲವು ವರ್ಷ ಇಪ್ಪತ್ತು.

2025ರಲ್ಲಿ ಜುಲೈ 20ರಿಂದ ಆಗಸ್ಟ್ 18ರ ತನಕ 30 ದಿನ ಇತ್ತು. 2026ರಲ್ಲಿ ಉದ್ದದ ಸಾನ್‌ಫು: ಜುಲೈ 15ಕ್ಕೆ ಚೂಫು, ಜುಲೈ 25ಕ್ಕೆ ಜೋಂಗ್‌ಫು, ಆಗಸ್ಟ್ 14ಕ್ಕೆ ಮೋಫು, ಆಗಸ್ಟ್ 23ಕ್ಕೆ ಮುಗಿತಾಯ. ಒಟ್ಟು 40 ದಿನ.

ಇದನ್ನು ಹಳೆಯ ನಂಬಿಕೆ ಎಂದು ಸುಮ್ನೆ ತಳ್ಳಿಹಾಕಬೇಡಿ. ಛಿನ್ ರಾಜ್ಯದಲ್ಲಿ ಕ್ರಿ.ಪೂ. 676ರಲ್ಲೇ ಈ ದಿನಗಳನ್ನು ಆಚರಿಸಿದ್ದಕ್ಕೆ ದಾಖಲೆ ಇದೆ. ಅಷ್ಟು ಕಾಲದಿಂದ ಜನ ನೋಡಿ ನೋಡಿ ಕಂಡುಕೊಂಡ ಲೆಕ್ಕ. ಹಗಲು ಉದ್ದವಾಗಿದ್ದ ದಿನವೇ ಅತಿ ಬಿಸಿ ಇರುವುದಿಲ್ಲ. ನೆಲ, ಕೆರೆ, ಕಡಲು ಶಾಖ ಹೀರಿಕೊಂಡು ಕಾಯಲು ಇನ್ನೂ ಮೂರು ನಾಲ್ಕು ವಾರ ಹಿಡಿಯುತ್ತದೆ. ಅದೂ ಅಲ್ಲದೆ ಯಾಂಗ್‌ಝೀ ನದಿಯ ಬಯಲಿನಲ್ಲಿ ಜೂನ್ ಮಧ್ಯದಿಂದ ಮೇಯೂ ಮಳೆ ಹಿಡಿದಿರುತ್ತದೆ. ಬಟ್ಟೆ ಒಣಗುವುದಿಲ್ಲ, ಗೋಡೆ ಬೂಷ್ಟು ಹಿಡಿಯುತ್ತದೆ. ಸಾಮಾನ್ಯವಾಗಿ ಜುಲೈ ಮೊದಲರ್ಧದಲ್ಲಿ ಆ ಮಳೆ ನಿಲ್ಲುತ್ತದೆ. ಪೆಸಿಫಿಕ್ ಕಡೆಯಿಂದ ಅಧಿಕ ಒತ್ತಡದ ಗಾಳಿ ಬಂದು ಬಯಲಿನ ಮೇಲೆ ಕೂರುತ್ತದೆ. ಮೋಡ ಇಲ್ಲ, ಗಾಳಿ ಅಲ್ಲಾಡುವುದಿಲ್ಲ, ನೆಲದ ತೇವ ಮಾತ್ರ ಹಾಗೇ ಇದೆ. ಸಾನ್‌ಫು ಎಂದರೆ ಇದು.

ಪ್ರಶ್ನೆ: ಕಳೆದ ವರ್ಷ ವಾಯವ್ಯ ಚೀನಾದ ಮರುಭೂಮಿ ಕಡೆಯ ತುರ್ಫಾನ್‌ಗೆ ಹೋಗಿದ್ದೆವು. ಅಲ್ಲಿ 42 ಡಿಗ್ರಿ ಇದ್ದರೂ ನೆರಳಿಗೆ ಬಂದರೆ ಹಾಯೆನಿಸುತ್ತಿತ್ತು. ಇಲ್ಲಿ ಚೋಂಗ್‌ಚಿಂಗ್‌ನಲ್ಲಿ ಫೋನ್ 36 ಡಿಗ್ರಿ ತೋರಿಸುತ್ತದೆ, ಆದರೆ ಉಸಿರೇ ಕಟ್ಟಿದ ಹಾಗೆ. ನನ್ನ ದೇಹದಲ್ಲೇ ಏನಾದರೂ ತೊಂದರೆ ಇದೆಯಾ?

ಉತ್ತರ: ನಿಮ್ಮ ದೇಹ ಸರಿಯಾಗಿದೆ. ಅದು ನಿಜವನ್ನೇ ಹೇಳುತ್ತಿದೆ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ನಿಮ್ಮ ಪ್ರಶ್ನೆಯ ಒಳಗೇ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾದ ಮೇಲೆ ದೇಹಕ್ಕೆ ಶಾಖ ಹೊರಹಾಕಲು ಉಳಿಯುವ ದಾರಿ ಒಂದೇ, ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಜೊತೆಗೆ ಒಯ್ಯುತ್ತದೆ. ಅದೇ ಬೆವರು ಆರದೆ ನೆಲಕ್ಕೆ ತೊಟ್ಟಿಕ್ಕಿದರೆ ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಣ್ಣಗಾಗಲಿಲ್ಲ. ತುರ್ಫಾನ್‌ನ ಗಾಳಿ ಒಣ ಗಾಳಿ. ಅಲ್ಲಿ ಬೆವರು ಬಂದದ್ದೂ ತಿಳಿಯುವುದಿಲ್ಲ, ಆರಿದ್ದೂ ತಿಳಿಯುವುದಿಲ್ಲ. ಚೋಂಗ್‌ಚಿಂಗ್‌ನಲ್ಲಿ ಬೆಟ್ಟದ ನಡುವೆ ಎರಡು ನದಿಗಳ ತೇವ ನಿಂತಿರುತ್ತದೆ. ಅಂಗಿ ಒದ್ದೆ, ಮೈ ಬಿಸಿ. ಹಾಗೆಂದು ಒಣ ಸೆಕೆ ಸುರಕ್ಷಿತ ಅಂದುಕೊಳ್ಳಬೇಡಿ. 2023ರ ಜುಲೈ 16ರಂದು ತುರ್ಫಾನ್ ಬಯಲಿನ ಸಾನ್‌ಬಾವ್‌ನಲ್ಲಿ 52.2 ಡಿಗ್ರಿ ದಾಖಲಾಯಿತು. ಅಂಥ ಕಡೆ ಗೊತ್ತಾಗದಂತೆ ನೀರು ಕಳೆದುಕೊಳ್ಳುತ್ತೀರಿ.

ಆದ್ದರಿಂದ ಫೋನಿನಲ್ಲಿ ಡಿಗ್ರಿ ನೋಡಿದಾಗ ಪಕ್ಕದಲ್ಲಿರುವ ತೇವಾಂಶವನ್ನೂ ನೋಡಿ. 36 ಡಿಗ್ರಿಗೆ ತೇವಾಂಶ 60ರ ಮೇಲಿದ್ದರೆ ಅದನ್ನು ಅಪಾಯದ ದಿನ ಎಂದೇ ಎಣಿಸಿ. ಬೀಜಿಂಗ್ ಕಡೆಯವರು ಇಂಥ ದಿನವನ್ನು ಸೌನಾ ದಿನ ಎಂದೇ ಕರೆಯುತ್ತಾರೆ.

ಇನ್ನು ಫ್ಯಾನ್. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರು ಆರಿಸುತ್ತದೆ ಅಷ್ಟೇ. ಕೋಣೆ 40 ಡಿಗ್ರಿ ಮುಟ್ಟಿದ ಮೇಲೆ ಬರೀ ಫ್ಯಾನ್ ನಂಬಬೇಡಿ. ಅದು ಬಿಸಿ ಗಾಳಿಯನ್ನೇ ಮೈಗೆ ಹೊಡೆಯುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಹಾಗಾಗಿ ಅವರ ವಿಷಯದಲ್ಲಿ ಇನ್ನೂ ಸ್ವಲ್ಪ ಮೊದಲೇ ಎಚ್ಚರ ಬೇಕು. ಆಗ ತೋಳು, ಕತ್ತು, ಕಾಲುಗಳನ್ನು ನೀರಿನಿಂದ ಒದ್ದೆ ಮಾಡಿಕೊಂಡು ಫ್ಯಾನ್ ಎದುರು ಕೂರಿ. ದೇಹ ಕೊಡಲಾರದ ಬೆವರನ್ನು ನೀವೇ ಹೊರಗಿನಿಂದ ಕೊಟ್ಟಂತೆ.

ನನಗೆ ಹಗಲಿಗಿಂತ ರಾತ್ರಿಯದೇ ಚಿಂತೆ ಜಾಸ್ತಿ. 2022ರ ಆಗಸ್ಟ್ 18ರಂದು ನಿಮ್ಮೂರಿನ ಬೇಬೇ ಜಿಲ್ಲೆ 45 ಡಿಗ್ರಿ ಮುಟ್ಟಿತ್ತು. ಆ ದಿನಗಳಲ್ಲಿ ರಾತ್ರಿಯೂ 30 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಹಗಲೆಲ್ಲ ದುಡಿದ ಹೃದಯಕ್ಕೆ ರಾತ್ರಿ ಬಿಡುವು ಸಿಗದಿದ್ದರೆ ಎರಡನೆಯ, ಮೂರನೆಯ ದಿನಕ್ಕೆ ಜನ ಕುಸಿಯುತ್ತಾರೆ. ಎಸಿ ಇಲ್ಲದ ಮನೆಯಾದರೆ ದಿನಕ್ಕೆ ಎರಡು ಮೂರು ಗಂಟೆಯಾದರೂ ತಂಪಾದ ಜಾಗದಲ್ಲಿ ಇರಿ. ಮಾಲ್, ಗ್ರಂಥಾಲಯ, ಮೆಟ್ರೋ ನಿಲ್ದಾಣ, ಯಾವುದಾದರೂ ಸರಿ. ಚೋಂಗ್‌ಚಿಂಗ್, ಹಾಂಗ್‌ಝೌ, ನಾನ್‌ಜಿಂಗ್‌ಗಳಲ್ಲಿ ಯುದ್ಧಕಾಲದ ಬಾಂಬ್ ಆಶ್ರಯದ ಸುರಂಗಗಳನ್ನು ಬೇಸಿಗೆಯಲ್ಲಿ ಜನರಿಗೆ ತೆರೆದಿಡುತ್ತಾರೆ. ಒಳಗೆ ಹೋಗುವಾಗ ತೆಳು ಮೇಲಂಗಿ ಬೇಕೆನಿಸುವಷ್ಟು ತಂಪು. ಅಜ್ಜ ಅಜ್ಜಿಯರು ಚಹಾ ಫ್ಲಾಸ್ಕ್ ಹಿಡಿದು ಇಡೀ ಮಧ್ಯಾಹ್ನ ಅಲ್ಲೇ ಇಸ್ಪೀಟು ಆಡುತ್ತಾರೆ. ಇದಕ್ಕಿಂತ ಒಳ್ಳೆಯ ಔಷಧ ಅವರಿಗೆ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಮ್ಮನಿಗೆ 66 ವರ್ಷ. ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮೊಮ್ಮಗನನ್ನು ನೋಡಲು ಜುಲೈ ಕೊನೆಗೆ ಶಾಂಘೈಗೆ ಬರುತ್ತಿದ್ದಾರೆ. "ನನಗೆ ಬಿಸಿಲು ಹೊಸದಾ?" ಎನ್ನುತ್ತಾರೆ. ಏನು ಜಾಗ್ರತೆ ಮಾಡಲಿ?

ಉತ್ತರ: ದಿನಾಂಕ ಬದಲಿಸಲು ಆಗುವುದಾದರೆ ಮೊದಲು ಅದನ್ನು ಮಾಡಿ. ಅಕ್ಟೋಬರ್ ಶಾಂಘೈ ಅಮ್ಮನಿಗೂ ಮಗುವಿಗೂ ಹಿತ. ಆಗುವುದಿಲ್ಲ ಎಂದರೆ ಮುಂದೆ ಓದಿ.

ಹೊರಡುವ ಮುಂಚೆ ಅವರ ಮಾತ್ರೆಗಳ ಪಟ್ಟಿ ಹಿಡಿದು ಅವರ ವೈದ್ಯರ ಹತ್ತಿರ ಹೋಗಲಿ. ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸುವಂಥವು ಇರುತ್ತವೆ. ಬೆವರಿನಲ್ಲಿ ನೀರು ಹೋಗುವ ಕಾಲದಲ್ಲಿ ಅವು ಇನ್ನಷ್ಟು ನೀರು ಎಳೆಯುತ್ತವೆ. ಎದ್ದು ನಿಂತಾಗ ತಲೆ ತಿರುಗುತ್ತದೆ, ಬಚ್ಚಲಲ್ಲಿ ಬೀಳುತ್ತಾರೆ. ಶೀತಕ್ಕೆ, ತುರಿಕೆಗೆ ಕೊಡುವ ಕೆಲವು ಹಳೆಯ ಕಾಲದ ಮಾತ್ರೆಗಳು ಮತ್ತು ಮನಸ್ಸಿನ ಕಾಯಿಲೆಗಳಿಗೆ ಕೊಡುವ ಕೆಲವು ಔಷಧಗಳು ಬೆವರುವುದನ್ನೇ ತಗ್ಗಿಸುತ್ತವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಸಾನ್‌ಫು ಹೊತ್ತಿಗೆ ಪ್ರಮಾಣ ಬದಲಿಸಬೇಕಾ ಅಂತ ಕೇಳಿ ಬರೆಸಿಕೊಳ್ಳಿ.

ಇನ್ಸುಲಿನ್ ಸೂಟ್‌ಕೇಸಿನಲ್ಲಿ ಹಾಕಿ ವಿಮಾನದ ಹೊಟ್ಟೆಗೆ ಕಳಿಸಬೇಡಿ, ಕೈಚೀಲದಲ್ಲೇ ಇರಲಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಲ್ಲ. ಬಳಸುತ್ತಿರುವುದನ್ನು ಹೊರಗಿಡಬಹುದು, ಆದರೆ ಶಾಂಘೈನ ಜುಲೈ ಮಧ್ಯಾಹ್ನದ ಕಿಟಕಿ ಪಕ್ಕದಲ್ಲಿ ಅಲ್ಲ.

ಬಿಸಿಲು ಹೊಸದಲ್ಲ ಎಂಬ ಮಾತಿಗೆ ಬರೋಣ. ದೇಹ ಹೊಸ ಸೆಕೆಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಮೊದಲೇ ಒಗ್ಗಿದ್ದದ್ದು ತಂಪಾದ ಜಾಗದಲ್ಲಿ ಕೆಲವು ವಾರ ಇದ್ದರೆ ಹೋಗಿಬಿಡುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. "ಬೇಕಾದಾಗ ಕುಡಿತೀನಿ ಬಿಡು" ಅಂತಾರೆ, ಬೇಕು ಅನ್ನಿಸುವುದೇ ಇಲ್ಲ. ಆದ್ದರಿಂದ ಬೆಳಿಗ್ಗೆ ಒಂದು ಪಾತ್ರೆಯಲ್ಲಿ ಅವರ ಪಾಲಿನ ನೀರು ತುಂಬಿಡಿ, ಸಂಜೆಗೆ ಎಷ್ಟು ಉಳಿದಿದೆ ನೋಡಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಸಾಲದು. ಹೃದಯ ಅಥವಾ ಕಿಡ್ನಿ ದುರ್ಬಲ ಇದ್ದವರಿಗೆ ಮಾತ್ರ ಎಷ್ಟು ನೀರು ಎಂದು ವೈದ್ಯರೇ ಹೇಳಬೇಕು.

ಮೊದಲ ವಾರ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಏಳರ ಮೇಲೆ ಮಾತ್ರ ಹೊರಗೆ. ಬಂಡ್ ಎಂಬ ನದಿ ದಂಡೆಯ ಮೇಲೆ ಮಧ್ಯಾಹ್ನ ಫೋಟೋ ತೆಗೆಸುವುದು ಬೇಡ. ಅಲ್ಲಿ ನೆರಳೇ ಇಲ್ಲ. ಅವರು ಎಂದಿಗಿಂತ ಸಿಡುಕಿದರೆ, ಮಾತು ತಡವರಿಸಿದರೆ, ಹೇಳಿದ್ದನ್ನೇ ಹೇಳಿದರೆ ಅದನ್ನು ಪ್ರಯಾಣದ ಸುಸ್ತು ಎಂದು ಬಿಡಬೇಡಿ. ತಕ್ಷಣ ಮೈ ಮುಟ್ಟಿ ನೋಡಿ, ಜ್ವರ ಅಳೆಯಿರಿ, ಸಕ್ಕರೆಯನ್ನೂ ಅಳೆಯಿರಿ.

ಪ್ರಶ್ನೆ: ಗುವಾಂಗ್‌ಝೌನಲ್ಲಿ ಬಟ್ಟೆ ವ್ಯಾಪಾರಕ್ಕೆ ಬಂದಿದ್ದೆ. ಸೆಕೆಗೆ ತಲೆಸುತ್ತು ಬಂತೆಂದು ಗೋದಾಮಿನವರು ಬೆರಳುದ್ದದ ಕಂದು ಬಾಟಲಿಯಲ್ಲಿ ಔಷಧ ಕುಡಿಸಿದರು. ಗಂಟಲು ಉರಿದುಹೋಯಿತು. ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಎದೆ ಡವಡವ ಎಂದಿತು. ಹಲ್ಲು ನೋವಿಗೆ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದೆ. ಅದು ವಿಷವಾ?

ಉತ್ತರ: ವಿಷವಲ್ಲ. ಆದರೆ ನಿಮಗೆ ಅದನ್ನು ಕೊಡಬಾರದಿತ್ತು. ನೀವು ಹೇಳಿದ ಗುರುತು ನೋಡಿದರೆ ಅದು ಹುವೋಶಿಯಾಂಗ್ ಝೆಂಗ್‌ಚೀ ಶ್ವೇ ಇರಬೇಕು. ಹತ್ತು ಮಿಲಿಲೀಟರ್‌ನ ಪುಟ್ಟ ಬಾಟಲಿ, ಚೀನಾದ ಪ್ರತಿ ಔಷಧದ ಅಂಗಡಿಯಲ್ಲೂ ಸಾನ್‌ಫು ಬಂದಾಗ ಮುಂದಿನ ಸಾಲಿಗೆ ಬರುತ್ತದೆ. ಅದರಲ್ಲಿ 40ರಿಂದ 50 ಶೇಕಡಾ ಆಲ್ಕೊಹಾಲ್ ಇರುತ್ತದೆ. ಗಂಟಲು ಉರಿದದ್ದು ಅದಕ್ಕೇ.

ನಿಮ್ಮ ಆಂಟಿಬಯಾಟಿಕ್ ಯಾವುದೆಂದು ನೀವು ಬರೆದಿಲ್ಲ. ಸೆಫಲೋಸ್ಪೊರಿನ್ ಗುಂಪಿನ ಕೆಲವು ಔಷಧಗಳ ಜೊತೆ ಆಲ್ಕೊಹಾಲ್ ಸೇರಿದರೆ ದೇಹ ಅದನ್ನು ಅರ್ಧದಲ್ಲೇ ಒಡೆದು ನಿಲ್ಲಿಸುತ್ತದೆ. ಆಗ ಮುಖ ಕೆಂಪಾಗುವುದು, ಎದೆಬಡಿತ, ವಾಂತಿ, ಬಿಪಿ ಇಳಿಯುವುದು ಎಲ್ಲ ಆಗಬಹುದು. ಹಲ್ಲು ನೋವಿಗೆ ಕೊಡುವ ಮೆಟ್ರೊನಿಡಝೋಲ್ ಡಬ್ಬಿಯ ಮೇಲೂ ಆಲ್ಕೊಹಾಲ್ ಬೇಡ ಎಂದೇ ಬರೆದಿರುತ್ತದೆ. ಇಂಥ ಔಷಧ ನಡೆಯುತ್ತಿರುವಾಗ, ಮುಗಿದ ಮೇಲೂ ಒಂದು ವಾರ, ಆ ಬಾಟಲಿ ಮುಟ್ಟಬೇಡಿ. ಕುಡಿದು ಗಾಡಿಯನ್ನೂ ಓಡಿಸಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಲಿವರ್ ತೊಂದರೆ ಇರುವವರಿಗೆ ಇದು ಬೇಡವೇ ಬೇಡ.

ಇನ್ನೊಂದು ವಿಷಯ ಅದಕ್ಕಿಂತ ಮುಖ್ಯ. ಚೀನೀ ವೈದ್ಯ ಪದ್ಧತಿಯಲ್ಲೂ ಈ ಔಷಧ ಬಿಸಿಲಿನ ಹೊಡೆತಕ್ಕೆ ಇರುವುದಲ್ಲ. ಬೇಸಿಗೆಯಲ್ಲಿ ತಣ್ಣಗಿನದು ಜಾಸ್ತಿ ತಿಂದು, ಎಸಿಯಲ್ಲಿ ಮಲಗಿ ಹೊಟ್ಟೆ ಕೆಟ್ಟಾಗ, ವಾಕರಿಕೆ ಬಂದಾಗ ಕೊಡುವುದು. ಬಿಸಿಲಿನಲ್ಲಿ ತಲೆ ತಿರುಗಿದವರಿಗೆ ಬೇಕಾದ್ದು ನೆರಳು, ನೀರು, ಒದ್ದೆ ಬಟ್ಟೆ. ಬಾಟಲಿ ಕುಡಿಸಿ "ಸರಿ ಹೋಗುತ್ತೆ" ಎಂದು ಮತ್ತೆ ಕೆಲಸಕ್ಕೆ ನಿಲ್ಲಿಸುವುದೇ ನಿಜವಾದ ಅಪಾಯ.

ಪ್ರಶ್ನೆ: ಬೀಜಿಂಗ್‌ನಲ್ಲಿದ್ದೇವೆ. ಎಂಟು ವರ್ಷದ ಮಗಳಿಗೆ ಚಳಿಗಾಲದಲ್ಲಿ ಉಬ್ಬಸ. ಪಕ್ಕದ ಮನೆಯ ಆಂಟಿ "ಚೂಫು ದಿನವೇ ಬೆನ್ನಿಗೆ ಪಟ್ಟಿ ಹಾಕಿಸು, ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗಲ್ಲ" ಎನ್ನುತ್ತಾರೆ. ಹಾಕಿಸಬಹುದಾ?

ಉತ್ತರ: ಇದಕ್ಕೆ ಸಾನ್‌ಫು ಟಿಯೇ ಎನ್ನುತ್ತಾರೆ. ಚಳಿಗಾಲದ ಕಾಯಿಲೆಯನ್ನು ಬೇಸಿಗೆಯಲ್ಲೇ ಹಿಡಿಯಬೇಕು ಎಂಬುದು ಅದರ ಹಿಂದಿನ ಯೋಚನೆ. 1695ರ ಹೊತ್ತಿಗೆ ಚಿಂಗ್ ಕಾಲದ ವೈದ್ಯ ಝಾಂಗ್ ಲೂ ಬರೆದಿಟ್ಟ ಪಾಕವನ್ನೇ ಇಂದಿಗೂ ಅಲ್ಪಸ್ವಲ್ಪ ಬದಲಿಸಿ ಬಳಸುತ್ತಾರೆ. ಬಿಳಿ ಸಾಸಿವೆ ಮತ್ತು ಇನ್ನು ಕೆಲವು ಬೇರುಗಳ ಪುಡಿಯನ್ನು ಹಸಿಶುಂಠಿ ರಸದಲ್ಲಿ ಕಲಸಿ, ನಾಣ್ಯದಷ್ಟು ಅಗಲದ ಬಿಲ್ಲೆ ಮಾಡಿ, ಬೆನ್ನುಮೂಳೆಯ ಎರಡೂ ಪಕ್ಕ ಗೊತ್ತಾದ ಜಾಗಗಳಲ್ಲಿ ಅಂಟಿಸುತ್ತಾರೆ. ಮೂರೂ ಫು ಶುರುವಾಗುವ ದಿನ ಚೀನೀ ಔಷಧ ಪದ್ಧತಿಯ ಆಸ್ಪತ್ರೆಗಳಲ್ಲಿ ಬೆಳಗಿನಿಂದಲೇ ಸಾಲು. ನಾನ್‌ಜಿಂಗ್‌ನಲ್ಲಿ ನಾನು ನೋಡಿದ ಸಾಲಿನಲ್ಲಿ ಅರ್ಧಕ್ಕರ್ಧ ಮಕ್ಕಳೇ. ಅಂಗಿ ಮೇಲೆತ್ತಿ, ಅಮ್ಮನ ಭುಜದ ಮೇಲೆ ಮುಖ ಇಟ್ಟು ನಿಂತಿರುತ್ತಿದ್ದರು.

ಸಾಸಿವೆ ಚರ್ಮವನ್ನು ಸುಡುತ್ತದೆ. ಪಟ್ಟಿ ಹಾಕಿದ ಜಾಗ ಬೆಚ್ಚಗಾಗಿ ಕೆಂಪಾಗುವುದು ಸಾಮಾನ್ಯ. ಹೊತ್ತು ಮೀರಿದರೆ ಗುಳ್ಳೆ ಏಳುತ್ತದೆ, ಕೀವಾಗುತ್ತದೆ, ಕಲೆ ಉಳಿಯುತ್ತದೆ. ಮಕ್ಕಳ ಚರ್ಮ ತೆಳು. ಇದರಿಂದ ಉಬ್ಬಸ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ನನ್ನ ಮಗುವಾದರೆ ನಾನು ಹಾಕಿಸುವುದಿಲ್ಲ.

ನಿಮಗೆ ಹಾಕಿಸಲೇಬೇಕು ಅನ್ನಿಸಿದರೆ ನೋಂದಾಯಿತ ಆಸ್ಪತ್ರೆಯಲ್ಲೇ ಹಾಕಿಸಿ. ಆನ್‌ಲೈನ್‌ನಲ್ಲಿ ಮಾರುವ ಪಟ್ಟಿಯಲ್ಲಿ ಏನಿದೆ, ಎಷ್ಟಿದೆ ಎಂದು ಯಾರಿಗೂ ತಿಳಿಯದು. ಜ್ವರ ಇದ್ದರೆ, ಚರ್ಮದ ಅಲರ್ಜಿ ಇದ್ದರೆ, ಬೆನ್ನಿನ ಮೇಲೆ ಗಾಯ ಇದ್ದರೆ ಬೇಡ. ಮಗು ಉರಿ ಎಂದ ಕೂಡಲೇ ತೆಗೆದುಬಿಡಿ, "ಇನ್ನು ಸ್ವಲ್ಪ ತಡಕೋ" ಎನ್ನಬೇಡಿ.

ಇನ್‌ಹೇಲರ್ ನಿಲ್ಲಿಸುವ ಮಾತು ಮಾತ್ರ ದಯವಿಟ್ಟು ಕೇಳಬೇಡಿ. ಆಂಟಿ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಉಬ್ಬಸ ಬರದಂತೆ ತಡೆಯುವ ಇನ್‌ಹೇಲರನ್ನು ಬೇಸಿಗೆಯಲ್ಲಿ ಬಿಟ್ಟ ಮಗು ನವೆಂಬರ್ ಚಳಿಗೆ ರಾತ್ರಿ ಎರಡು ಗಂಟೆಗೆ ಉಸಿರಿಗಾಗಿ ಒದ್ದಾಡುತ್ತದೆ. ನಿಲ್ಲಿಸುವುದೋ ಕಡಿಮೆ ಮಾಡುವುದೋ ಆಕೆಯನ್ನು ನೋಡುವ ವೈದ್ಯರೇ ಹೇಳಲಿ.

ಪ್ರಶ್ನೆ: ಸಾನ್‌ಫುವಿನಲ್ಲಿ ಮಧ್ಯಾಹ್ನ ಬಿಸಿಲಿಗೆ ಬೆನ್ನು ಕಾಯಿಸಿದರೆ ಒಳಗಿನ ಶೀತವೆಲ್ಲ ಹೋಗುತ್ತದಂತೆ. ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಹತ್ತಾರು ಹೆಂಗಸರು ಚಾಪೆ ಹಾಸಿ ಮಲಗುತ್ತಾರೆ. ನಾನೂ ಸೇರಲಾ?

ಉತ್ತರ: ಸೇರಬೇಡಿ. ಈಚಿನ ವರ್ಷಗಳಲ್ಲಿ ಇದು ಫೋನಿನ ವಿಡಿಯೋಗಳಿಂದ ಹಬ್ಬಿದ ಅಭ್ಯಾಸ. ಹೀಗೆ ಮಲಗಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದವರ ಸುದ್ದಿ ಚೀನಾದ ಪತ್ರಿಕೆಗಳಲ್ಲೇ ಬಂದಿದೆ. ವಿಟಮಿನ್ ಡಿ ಬೇಕಿದ್ದರೆ ಬೆಳಗಿನ ಬಿಸಿಲಿನಲ್ಲಿ ಹತ್ತು ಹದಿನೈದು ನಿಮಿಷ ನಡೆದಾಡಿ ಬನ್ನಿ.

ಪ್ರಶ್ನೆ: ಚೂಫುವಿಗೆ ಡಂಪ್ಲಿಂಗ್, ಜೋಂಗ್‌ಫುವಿಗೆ ನೂಡಲ್ಸ್, ಮೋಫುವಿಗೆ ರೊಟ್ಟಿ ಮೊಟ್ಟೆ ಅಂತ ಆಫೀಸಿನವರು ಹೇಳಿದರು. ಶುಝೌ ಊರಿನ ಗೆಳತಿಯಂತೂ ಸಾನ್‌ಫುವಿನಲ್ಲಿ ಕುರಿ ಸೂಪ್ ಕುಡಿಯಲೇಬೇಕು ಎನ್ನುತ್ತಾಳೆ. ನಾವು ಸಸ್ಯಾಹಾರಿಗಳು. ಏನು ತಿನ್ನಬೇಕು?

ಉತ್ತರ: ಡಂಪ್ಲಿಂಗ್, ನೂಡಲ್ಸ್, ರೊಟ್ಟಿಯ ಮಾತು ಉತ್ತರ ಚೀನಾದ ಗಾದೆ. ಅಲ್ಲಿ ಆಗತಾನೇ ಗೋಧಿ ಕೊಯ್ಲು ಮುಗಿದಿರುತ್ತದೆ, ಹೊಸ ಹಿಟ್ಟು ಮನೆಗೆ ಬಂದಿರುತ್ತದೆ. ಸೆಕೆಗೆ ಹಸಿವೂ ಸತ್ತಿರುತ್ತದೆ. ರುಚಿಯಾಗಿ ಏನಾದರೂ ಮಾಡಿಕೊಂಡು ತಿನ್ನುವುದು ಒಳ್ಳೆಯದೇ. ಜಿಯಾಂಗ್‌ಸು ಪ್ರಾಂತ್ಯದ ಶುಝೌನಲ್ಲಿ ಸಾನ್‌ಫು ಕುರಿಯೂಟಕ್ಕೆ ಹಬ್ಬವೇ ನಡೆಯುತ್ತದೆ, ನಿಜ. ಅದು ಅವರ ಸಂಭ್ರಮ. ಆರೋಗ್ಯಕ್ಕೆ ಅದು ಕಡ್ಡಾಯವಲ್ಲ. ನೀವು ಚಿಂತೆ ಬಿಡಿ.

ನಿಮಗೆ ನಾನು ಹೇಳುವುದು ಹೆಸರುಕಾಳಿನ ತಿಳಿ. ಚೀನಾದ ಯಾವ ಮನೆಯಲ್ಲೂ ಸಾನ್‌ಫುವಿಗೆ ಇದು ತಪ್ಪುವುದಿಲ್ಲ. ನನಗೆ ಕಲಿಸಿದ್ದು ನಮ್ಮ ಕೆಳಮನೆಯ ಅಜ್ಜಿ. ಅವರು ಮಾಡುತ್ತಿದ್ದ ರೀತಿ ಹೀಗೆ. ಒಂದು ಹಿಡಿ ಕಾಳು ತೊಳೆದು ಸ್ವಲ್ಪ ಹೊತ್ತು ನೆನೆಸಬೇಕು. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಜಾಸ್ತಿ ನೀರು ಕುದಿಸಬೇಕು, ಕಬ್ಬಿಣದ ಬಾಣಲೆ ಬೇಡ. ನೀರು ಮರಳಿದ ಮೇಲೆ ಕಾಳು ಹಾಕಿ, ಮುಚ್ಚಳ ಮುಚ್ಚಿ, ಎಂಟು ಹತ್ತು ನಿಮಿಷ ಜೋರು ಉರಿ. ಕಾಳು ಇನ್ನೂ ಒಡೆದಿರುವುದಿಲ್ಲ, ನೀರು ಮಾತ್ರ ತಿಳಿ ಹಸಿರಾಗಿರುತ್ತದೆ. ಆ ನೀರನ್ನು ಬಸಿದು ಆರಿಸಿ ಕುಡಿಯಬೇಕು. ಉಳಿದ ಕಾಳಿಗೆ ಮತ್ತೆ ನೀರು ಹಾಕಿ, ಪೂರ್ತಿ ಬೇಯಿಸಿ, ಅಕ್ಕಿ ಗಂಜಿಗೆ ಬೆರೆಸಬೇಕು.

ಬೀಜಿಂಗ್‌ನಲ್ಲಿ ಇದೇ ತಿಳಿ ಕೆಂಪಾಗುತ್ತದೆ, ಕೆಟ್ಟುಹೋಯಿತು ಅಂತ ಚೆಲ್ಲಬೇಡಿ. ಅಲ್ಲಿನ ನಲ್ಲಿ ನೀರು ಗಡಸು. ಸಿಪ್ಪೆಯಲ್ಲಿರುವ ಪಾಲಿಫಿನಾಲ್‌ಗಳು ಅಂಥ ನೀರಿನಲ್ಲಿ ಗಾಳಿ ಸೋಕಿದೊಡನೆ ಬಣ್ಣ ತಿರುಗುತ್ತವೆ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಹಸಿರು ಉಳಿಯುತ್ತದೆ. ಸಕ್ಕರೆ ಸುರಿಯಬೇಡಿ. ಬಿಸಿಲಿನಲ್ಲಿ ಓಡಾಡಿ ಬಂದ ದಿನ ಚಿಟಿಕೆ ಉಪ್ಪು ಹಾಕಿ.

ಬೂದುಗುಂಬಳದ ಸೂಪ್, ಹಾಗಲ, ಸೌತೆ, ಕಲ್ಲಂಗಡಿ ಎಲ್ಲ ಒಳ್ಳೆಯದು. ಕತ್ತರಿಸಿದ ಕಲ್ಲಂಗಡಿ ಗಂಟೆಗಟ್ಟಲೆ ಹೊರಗಿದ್ದರೆ ಬೇಡ, ಹೊಟ್ಟೆ ಕೆಟ್ಟರೆ ಒಂದೇ ರಾತ್ರಿಯಲ್ಲಿ ಮೈಯ ನೀರು ಖಾಲಿ. ಸ್ವಾನ್‌ಮೇ ಟಾಂಗ್ ಎಂಬ ಹುಳಿ ಪಾನಕ ನಿಮಗೆ ಖಂಡಿತ ಇಷ್ಟವಾಗುತ್ತದೆ. ಹೊಗೆಯಾಡಿಸಿದ ಪ್ಲಮ್, ಹಾಥಾರ್ನ್ ಹಣ್ಣು, ಜ್ಯೇಷ್ಠಮಧು, ಕಲ್ಲುಸಕ್ಕರೆ ಹಾಕಿ ಕುದಿಸುತ್ತಾರೆ. ಅಂಗಡಿಯದರಲ್ಲಿ ಸಕ್ಕರೆ ಜಾಸ್ತಿ. ಜ್ಯೇಷ್ಠಮಧುವನ್ನು ದಿನವೂ ಜಾಸ್ತಿ ಸೇವಿಸಿದರೆ ಬಿಪಿ ಏರುತ್ತದೆ, ಹಾಗಾಗಿ ಬಿಪಿ ಇರುವವರು ಅಪರೂಪಕ್ಕೆ ಒಂದು ಲೋಟ ಸಾಕು.

ಪ್ರಶ್ನೆ: ಸೂಝೌ ಹತ್ತಿರ ಕಟ್ಟಡ ಕೆಲಸದ ಜಾಗದಲ್ಲಿ ಎಂಜಿನಿಯರ್ ಆಗಿದ್ದೇನೆ. ಹೋದ ಸಾನ್‌ಫುವಿನಲ್ಲಿ ಒಬ್ಬ ಹುಡುಗ ಕಂಬಿ ಕಟ್ಟುತ್ತಲೇ ಕುಸಿದ. ಎಲ್ಲರೂ ಗಾಬರಿಯಾಗಿ ನಿಂತೆವು. ಯಾರೋ ನೀರು ಕುಡಿಸಲು ಹೋದರು. ಅವನು ಉಳಿದ, ಆದರೆ ಬಹಳ ದಿನ ಆಸ್ಪತ್ರೆಯಲ್ಲಿದ್ದ. ಇನ್ನೊಮ್ಮೆ ಹಾಗಾದರೆ ಏನು ಮಾಡಬೇಕು? ಎಷ್ಟು ಸೆಕೆಗೆ ಕೆಲಸ ನಿಲ್ಲಿಸಬೇಕು ಅಂತ ನಿಯಮ ಇದೆಯಾ?

ಉತ್ತರ: ನೀವು ಬರೆದದ್ದು ಓದಿ ಎದೆ ಭಾರವಾಯಿತು. ಆ ಹುಡುಗ ಉಳಿದದ್ದು ದೊಡ್ಡದು. ಮೊದಲು ಮಾಡಬೇಕಾದ್ದನ್ನು ಹೇಳುತ್ತೇನೆ.

ಬಿಸಿಲಿನಲ್ಲಿ ದುಡಿಯುತ್ತಿದ್ದವನು ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ಸಿಟ್ಟಿಗೆದ್ದು ಕೂಗಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಿನ ಹೊಡೆತ ಎಂದೇ ತಿಳಿಯಿರಿ. ಚರ್ಮ ಒಣಗಿರಬೇಕು ಎಂದು ಕಾಯಬೇಡಿ. ದುಡಿಯುವವರಲ್ಲಿ ಮೈಯೆಲ್ಲ ಬೆವರಿನಿಂದ ತೊಯ್ದಿರುವಾಗಲೇ ಇದು ಆಗುತ್ತದೆ. ಒಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಮಿದುಳು, ಲಿವರ್, ಕಿಡ್ನಿ ಎಲ್ಲವೂ ಒಟ್ಟಿಗೆ ಏಟು ತಿನ್ನುತ್ತಿರುತ್ತವೆ. ಎಷ್ಟು ಹೊತ್ತು ಬಿಸಿ ಇತ್ತು ಎಂಬುದರ ಮೇಲೆ ಜೀವ ನಿಂತಿದೆ.

ಒಬ್ಬರು 120ಕ್ಕೆ ಕರೆ ಮಾಡಿ. ಉಳಿದವರು ಆ ಕ್ಷಣದಿಂದಲೇ ತಣ್ಣಗೆ ಮಾಡಲು ಶುರು ಮಾಡಿ, ಆಂಬುಲೆನ್ಸ್ ಬರಲಿ ಎಂದು ನಿಲ್ಲಬೇಡಿ. ನೆರಳಿಗೆ ಎಳೆಯಿರಿ, ಹೆಲ್ಮೆಟ್, ಬೂಟು, ಅಂಗಿ ತೆಗೆಯಿರಿ. ನಿಮ್ಮಲ್ಲಿ ಇಟ್ಟಿಗೆ ನೆನೆಸುವ ತೊಟ್ಟಿ ಇರುತ್ತದಲ್ಲ, ಅಥವಾ ದೊಡ್ಡ ಟಾರ್ಪಾಲ್. ತಣ್ಣೀರು, ಮಂಜುಗಡ್ಡೆ ತುಂಬಿ ಕತ್ತಿನ ತನಕ ಮುಳುಗಿಸಿ, ತಲೆ ಒಬ್ಬರು ಹಿಡಿದಿರಿ. ಅದಿಲ್ಲವಾದರೆ ಪೈಪಿನಲ್ಲಿ ಬಿಡದೆ ನೀರು ಹೊಯ್ಯಿರಿ, ರಟ್ಟಿನಿಂದ ಜೋರಾಗಿ ಗಾಳಿ ಹಾಕಿ. ಕತ್ತು, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ಮೊದಲ ಅರ್ಧ ಗಂಟೆಯೇ ಮುಖ್ಯ. ಪೂರ್ತಿ ಎಚ್ಚರ ಇಲ್ಲದವನ ಬಾಯಿಗೆ ಒಂದು ಹನಿಯನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಬೇಡ. ಇದು ಸೋಂಕಿನ ಜ್ವರವಲ್ಲ, ಮಾತ್ರೆ ಕೆಲಸ ಮಾಡುವುದಿಲ್ಲ. ವಾಂತಿ ಬಂದರೆ ಒಂದು ಪಕ್ಕಕ್ಕೆ ಹೊರಳಿಸಿ.

ಈಗ ನಿಯಮ. ಚೀನಾದಲ್ಲಿ 2012ರಿಂದ ಇದಕ್ಕೆ ರಾಷ್ಟ್ರೀಯ ನಿಯಮಾವಳಿ ಇದೆ. ಹವಾಮಾನ ಇಲಾಖೆಯ ಪ್ರಕಾರ ಆ ದಿನದ ಗರಿಷ್ಠ 40 ಡಿಗ್ರಿ ಅಥವಾ ಜಾಸ್ತಿ ಎಂದಾದರೆ ಹೊರಾಂಗಣ ಕೆಲಸ ಆ ದಿನ ಬಂದ್. 37ರಿಂದ 40ರ ಒಳಗಾದರೆ ಹೊರಗಿನ ಕೆಲಸ ಒಟ್ಟು ಆರು ಗಂಟೆ ಮೀರಬಾರದು, ಅತಿ ಬಿಸಿಯ ಮೂರು ಗಂಟೆ ಕೆಲಸ ಮಾಡಿಸಲೇಬಾರದು. 35ರಿಂದ 37ರ ತನಕ ಸರದಿಯಲ್ಲಿ ಕೆಲಸ, ಹೊರಗಿನವರಿಗೆ ಓವರ್‌ಟೈಮ್ ಇಲ್ಲ. 35 ಡಿಗ್ರಿ ಮೇಲೆ ಹೊರಗೆ ದುಡಿಸಿದರೆ ಭತ್ಯೆ ಕೊಡಬೇಕು. ಮೊತ್ತ ಪ್ರಾಂತ್ಯದ ಮೇಲೆ ಹೋಗುತ್ತದೆ. ನಿಮ್ಮ ಜಿಯಾಂಗ್‌ಸುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೆ 300 ಯುವಾನ್. ತಂಪು ಪಾನೀಯ ಕೊಟ್ಟೆವಲ್ಲ ಎಂದು ಆ ಹಣ ಹಿಡಿಯುವಂತಿಲ್ಲ, ನಿಯಮದಲ್ಲೇ ಹಾಗೆ ಬರೆದಿದೆ. ಕೆಲಸದಲ್ಲಿ ಬಿಸಿಲಿನ ಹೊಡೆತ ಆದರೆ ಅದು ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ, ಪರಿಹಾರ ಕೇಳಬಹುದು.

ನಿಯಮ 40ಕ್ಕೆ ನಿಲ್ಲಿಸಿ ಎನ್ನುತ್ತದೆ. ನಿಮ್ಮ ಕೈಯಲ್ಲಿ ಅಧಿಕಾರ ಇದ್ದರೆ ತೇವದ ದಿನಗಳಲ್ಲಿ 37ಕ್ಕೇ ನಿಲ್ಲಿಸಿ. ಹೊಸದಾಗಿ ಬಂದ ಹುಡುಗರಿಗೆ ಮೊದಲ ವಾರ ಅರ್ಧ ಕೆಲಸ ಕೊಡಿ. ಕುಸಿಯುವವರಲ್ಲಿ ಹೊಸಬರೇ ಜಾಸ್ತಿ. ಬರೀ ನೀರಲ್ಲ, ಉಪ್ಪೂ ಬೇಕು. ಶಾಂಘೈ ಕಾರ್ಖಾನೆಗಳಲ್ಲಿ ಹಂಚುವ ಉಪ್ಪು ಸೋಡ ನಿಮ್ಮಲ್ಲೂ ಸಿಗುತ್ತದೆ. ಇಲ್ಲವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗುಡ್ಡೆಯಾಗದೆ ಅಂಚಿಗೆ ಸಮವಾಗಿರಲಿ.

ಪ್ರಶ್ನೆ: ನಮ್ಮ ವೂಶೂ (ಚೀನೀ ಸಮರಕಲೆ) ಗುರುಗಳು ಸಾನ್‌ಫುವಿನಲ್ಲೇ ಕಠಿಣ ಅಭ್ಯಾಸ ಮಾಡಬೇಕು ಎನ್ನುತ್ತಾರೆ. ಸರಿಯಾ?

ಉತ್ತರ: ಆ ಮಾತು ಛಲದ ಬಗ್ಗೆ ಹೇಳಿದ್ದು. ಬೆಳಿಗ್ಗೆ ಆರಕ್ಕೆ ಮಾಡಿ, ಗುರುಗಳೂ ಒಪ್ಪುತ್ತಾರೆ. ಜ್ವರ, ಭೇದಿ, ನಿದ್ದೆಗೇಡು ಇದ್ದ ದಿನ ಬಿಟ್ಟುಬಿಡಿ.

ಪ್ರಶ್ನೆ: ಎಸಿ ಎಷ್ಟಕ್ಕೆ ಇಡಬೇಕು? ಅತ್ತೆ ಎಸಿ ಕಂಡರೆ ಕೀಲುನೋವು ಎಂದು ಆರಿಸುತ್ತಾರೆ.

ಉತ್ತರ: ಚೀನಾದ ಸಾರ್ವಜನಿಕ ಕಟ್ಟಡಗಳಲ್ಲಿ ಬೇಸಿಗೆಗೆ 26 ಡಿಗ್ರಿಗಿಂತ ಕೆಳಗೆ ಇಡಬಾರದೆಂದು 2007ರಲ್ಲೇ ಆದೇಶವಾಗಿದೆ. ಮನೆಗೂ ಅದು ಸರಿಯಾದ ಲೆಕ್ಕ. ಎಸಿ ಗಾಳಿಯ ತೇವ ಹೀರುತ್ತದೆ, ಹಾಗಾಗಿ 27ಕ್ಕಿಟ್ಟರೂ ಬೆವರು ಆರುತ್ತದೆ. ಗಾಳಿ ಅತ್ತೆಯ ಮೇಲೆ ನೇರವಾಗಿ ಬೀಳದಂತೆ ರೆಕ್ಕೆ ಮೇಲಕ್ಕೆ ತಿರುಗಿಸಿ, ಮೊಣಕಾಲಿಗೆ ತೆಳು ಹೊದಿಕೆ ಕೊಡಿ. ಆದರೆ ಸಾನ್‌ಫು ರಾತ್ರಿ ಎಸಿ ಆರಿಸಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವರನ್ನು ಒಬ್ಬರನ್ನೇ ಮಲಗಿಸಬೇಡಿ.

ಪ್ರಶ್ನೆ: ಆಗಸ್ಟ್ 7ಕ್ಕೆ ಲೀಚಿಯೂ, ಶರತ್ಕಾಲ ಬಂತು ಎನ್ನುತ್ತಾರೆ. ಅಲ್ಲಿಗೆ ಈ ಎಚ್ಚರಿಕೆಯೆಲ್ಲ ಬಿಡಬಹುದಾ?

ಉತ್ತರ: ಬಿಡಬೇಡಿ. ಮೋಫು ಶುರುವಾಗುವುದೇ ಲೀಚಿಯೂ ಆದ ಮೇಲೆ. ಆ ದಿನ ಜನ ಕಲ್ಲಂಗಡಿ ತಿಂದು ಬೇಸಿಗೆಯನ್ನು ಬೀಳ್ಕೊಡುತ್ತಾರೆ, ಬಿಸಿಲು ಮಾತ್ರ ಹಾಗೇ ಇರುತ್ತದೆ. ಸಾನ್‌ಫು ಮುಗಿದ ಮೇಲೂ ಯಾಂಗ್‌ಝೀ ದಡದ ಊರುಗಳಲ್ಲಿ ಸೆಪ್ಟೆಂಬರ್ ತನಕ ಸೆಕೆ ಮರುಕಳಿಸುತ್ತದೆ, ಅದನ್ನು ಶರತ್ಕಾಲದ ಹುಲಿ ಎನ್ನುತ್ತಾರೆ. ಪಂಚಾಂಗ ನೋಡಿ ಶುರು ಮಾಡಿದ ಜಾಗ್ರತೆಯನ್ನು ರಾತ್ರಿಯ ಉಷ್ಣಾಂಶ ನೋಡಿ ನಿಲ್ಲಿಸಿ. ಸತತ ಒಂದು ವಾರ ರಾತ್ರಿ 25 ಡಿಗ್ರಿಗಿಂತ ಕೆಳಗಿಳಿದರೆ ಮಧ್ಯಾಹ್ನದ ಓಡಾಟ ಮೆಲ್ಲಗೆ ಶುರು ಮಾಡಬಹುದು. ಬಿಪಿ ಮಾತ್ರೆಯ ಪ್ರಮಾಣ ಇಳಿಸಿಕೊಂಡವರು ಆಗ ಮತ್ತೊಮ್ಮೆ ವೈದ್ಯರಿಗೆ ತೋರಿಸಿ ಸರಿಮಾಡಿಸಿಕೊಳ್ಳಿ.